ಬೀಗ ಬಿಚ್ಚುವ ಹವ್ಯಾಸ: ಮೊದಲು ಸರಿಯಾದ ಬೀಗ, ಆಮೇಲೆ ಹಗುರವಾದ ಕೈ

ಬೀಗ ಬಿಚ್ಚುವುದನ್ನು, ಅಂದರೆ ಕೀ ಇಲ್ಲದೆ ಸಣ್ಣ ಕಡ್ಡಿಗಳಿಂದ ಬೀಗ ತೆರೆಯುವುದನ್ನು, ಹವ್ಯಾಸವಾಗಿ ಕಲಿಯಲು ಹೊರಟವರು ನಮ್ಮಲ್ಲಿ ಎಡವುವುದು ಮೊದಲ ದಿನವೇ, ಅದೂ ಹಾರ್ಡ್‌ವೇರ್ ಅಂಗಡಿಯಲ್ಲೇ. ಆನ್‌ಲೈನ್‌ನಲ್ಲಿ ಕಡ್ಡಿಗಳ ಸೆಟ್ ತರಿಸಿಕೊಳ್ಳುತ್ತಾರೆ. ಅಂಗಡಿಗೆ ಹೋಗಿ "7 ಲಿವರ್" ಎಂದು ಅಚ್ಚೊತ್ತಿದ ಅಲಿಗಢದ ಬೀಗ ತರುತ್ತಾರೆ. ವಾರವಿಡೀ ಕೆದಕಿದರೂ ಏನೂ ಆಗುವುದಿಲ್ಲ. ಇದು ನಮ್ಮ ಕೈಗೆ ಒಲಿಯುವ ವಿದ್ಯೆಯಲ್ಲ ಎಂದು ಸೆಟ್ಟನ್ನು ಡ್ರಾಯರಿಗೆ ಹಾಕಿಬಿಡುತ್ತಾರೆ. ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಆ ಕಡ್ಡಿಗಳು ಪಿನ್ ಬೀಗಕ್ಕೆಂದು ಮಾಡಿದವು, ತಂದದ್ದು ಲಿವರ್ ಬೀಗ.

ಬೀಗದ ಭಾಗಗಳನ್ನು ಬಿಡಿಸಿ ನೋಡಬೇಕಿಲ್ಲ, ಕೀ ನೋಡಿದರೆ ಸಾಕು, ಒಳಗೇನಿದೆ ಎಂದು ಗೊತ್ತಾಗುತ್ತದೆ. ಹಲ್ಲುಗಳೆಲ್ಲ ಕೀಯ ತುದಿಯಲ್ಲೇ ಗುಂಪಾಗಿದ್ದು ಮಿಕ್ಕ ಭಾಗ ಬೋಳಾಗಿದ್ದರೆ ಅದು ಲಿವರ್ ಬೀಗ. ಅದರೊಳಗೆ ಒಂದರ ಮೇಲೊಂದು ತೆಳು ತಗಡುಗಳಿರುತ್ತವೆ. ಕೀ ಪ್ರತಿಯೊಂದನ್ನೂ ಅದರದರ ಎತ್ತರಕ್ಕೆ ಎತ್ತಿದಾಗ ಮಾತ್ರ ಎಲ್ಲ ತಗಡುಗಳ ಸೀಳುಗಳು ಒಂದೇ ಸಾಲಿಗೆ ಬಂದು ಬೋಲ್ಟ್ ಜಾರುತ್ತದೆ. ಅದಕ್ಕೆ ಬೇರೆಯೇ ಸಲಕರಣೆ ಬೇಕು, ಅದು ಎರಡನೇ ವರ್ಷದ ಪಾಠ. ಕೀಯ ಉದ್ದಕ್ಕೂ ಬೆಟ್ಟಸಾಲಿನ ಹಾಗೆ ಏರಿಳಿತವಿದ್ದು, ಅಗಲದ ಬದಿಯಲ್ಲಿ ಉದ್ದುದ್ದ ಗೀರುಗಳಿದ್ದರೆ ಅದು ಪಿನ್ ಬೀಗ. ಮೈಮೇಲೆ ಗುಂಡಿ ಗುಂಡಿಯಾಗಿ ಕುಳಿಗಳಿರುವ, ಅಂಗಡಿಯವರು "ಕಂಪ್ಯೂಟರ್ ಕೀ" ಅನ್ನುವ ಬಗೆಯೂ ಸದ್ಯಕ್ಕೆ ಬೇಡ.

ನನ್ನ ಅಭಿಪ್ರಾಯದಲ್ಲಿ ಶುರು ಮಾಡಲು ಎರಡು ಬೀಗ ಸಾಕು. ಒಂದು, ಅಗ್ಗದ ಸಣ್ಣ ಹಿತ್ತಾಳೆಯ ಪಿನ್ ಬೀಗ. ಇನ್ನೊಂದು, ಫ್ಲ್ಯಾಟುಗಳ ಬಾಗಿಲ ದಪ್ಪದೊಳಗೆ ಕೂರಿಸುವ ಮಾರ್ಟೈಸ್ ಲಾಕಿನ ಸಿಲಿಂಡರ್, ಅಂದರೆ ಕೀ ಹಾಕಿ ತಿರುಗಿಸುವ ಭಾಗ, ಅದೂ ಬೆಟ್ಟಸಾಲಿನ ಕೀ ಇರುವಂಥದ್ದು. ಬಿಡಿಯಾಗಿಯೇ ಸಿಗುತ್ತದೆ, ಇಡೀ ಲಾಕ್ ಕೊಳ್ಳಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಕಲಿಕೆಯ ಬೀಗ ಬೀಗದ ಒಳಗು ಹೇಗಿದೆ ಎಂದು ನೋಡಲು ಚೆಂದ, ಕಲಿಯಲು ಅಲ್ಲ. ಕಣ್ಣು ಕೆಲಸ ಮಾಡತೊಡಗಿದರೆ ಬೆರಳು ಸುಮ್ಮನಾಗಿಬಿಡುತ್ತದೆ. ಮೇಲಾಗಿ ಅದರ ತೂತುಗಳು ಎಷ್ಟು ಸಡಿಲವೆಂದರೆ ಅಲ್ಲಿ ಬೆರಳಿಗೆ ಸಿಕ್ಕ ಸ್ಪರ್ಶ ನಿಜವಾದ ಬೀಗದಲ್ಲಿ ಸಿಗುವುದೇ ಇಲ್ಲ.

ಪಿನ್ ಬೀಗದೊಳಗೆ ನಡೆಯುವುದಿಷ್ಟು. ಹೊರಗೊಂದು ಬಾಡಿ, ಅದರೊಳಗೆ ತಿರುಗುವ ಪ್ಲಗ್. ಎರಡನ್ನೂ ಹಾದು ಸಾಮಾನ್ಯವಾಗಿ ಐದು ತೂತುಗಳು. ಒಂದೊಂದರಲ್ಲೂ ಕೆಳಗೆ ಕೀ ಪಿನ್, ಅದರ ಮೇಲೆ ಡ್ರೈವರ್ ಪಿನ್, ಅದರ ಮೇಲೆ ಸ್ಪ್ರಿಂಗ್. ಕೀ ಇಲ್ಲದಾಗ ಡ್ರೈವರ್ ಪಿನ್ನು ಅರ್ಧ ಬಾಡಿಯಲ್ಲಿ, ಅರ್ಧ ಪ್ಲಗ್ಗಿನಲ್ಲಿ ಅಡ್ಡ ನಿಂತಿರುತ್ತದೆ. ಹಾಗಾಗಿ ಪ್ಲಗ್ ತಿರುಗದು. ಸರಿಯಾದ ಕೀ ಹಾಕಿದಾಗ ಐದೂ ಜೋಡಿಗಳ ಮಧ್ಯದ ಕೂಡುಗೆರೆ, ಪ್ಲಗ್ಗಿಗೂ ಬಾಡಿಗೂ ನಡುವಿನ ಸಂದಿಗೆ ಸರಿಯಾಗಿ ಬರುತ್ತದೆ. ಶಿಯರ್ ಲೈನ್ ಅನ್ನುವುದು ಈ ಸಂದಿಗೇ. ಅಮೆರಿಕದ ಬೀಗ ತಯಾರಕ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಚಪ್ಪಟೆ ಕೀ ಹಾಕಿ ಪೇಟೆಂಟ್ ಪಡೆದ ಬೀಗದ ತತ್ವವೂ ಇದೇ. ಅದಕ್ಕೂ ಬಹಳ ಹಿಂದೆ ಈಜಿಪ್ಟಿನವರ ಮರದ ಬೀಗದಲ್ಲಿ ಇದ್ದದ್ದೂ ಇದೇ ಯೋಚನೆ.

ಹಾಗಿದ್ದರೆ ಕೀ ಇಲ್ಲದೆ ತೆರೆಯುವುದು ಹೇಗೆ? ಕಾರ್ಖಾನೆಯಲ್ಲಿ ಕೊರೆದ ಐದು ತೂತುಗಳು ಎಂದೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ನೇರದಲ್ಲಿ ಇರುವುದಿಲ್ಲ. ಹಾಗಾಗಿ ಪ್ಲಗ್ಗನ್ನು ತುಸು ತಿರುಗಿಸಿ ಹಿಡಿದರೆ ಐದೂ ಪಿನ್ನು ಒಟ್ಟಿಗೆ ಬಿಗಿಯುವುದಿಲ್ಲ, ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದನ್ನು ಸಂದಿಯವರೆಗೆ ಎತ್ತಿದರೆ ಡ್ರೈವರ್ ಪಿನ್ ಪ್ಲಗ್ಗಿನ ಅಂಚಿನ ಮೇಲೆ ಕೂರುತ್ತದೆ. ಪ್ಲಗ್ ಎಳ್ಳಿನಷ್ಟು ತಿರುಗುತ್ತದೆ, ಆಗ ಮುಂದಿನ ಪಿನ್ ಬಿಗಿಯುತ್ತದೆ. ಇಡೀ ವಿದ್ಯೆಗೆ ತಳಹದಿ ಇದೊಂದೇ. ಇದು ತಿಳಿಯದೆ ಗರಗಸದ ಹಲ್ಲಿನಂಥ ಕಡ್ಡಿ ತೂರಿಸಿ ಹಿಂದೆ ಮುಂದೆ ಎಳೆದಾಡಿದರೂ ಅಗ್ಗದ ಬೀಗ ತೆರೆದುಕೊಳ್ಳಬಹುದು. ಆದರೆ ಯಾಕೆ ತೆರೆಯಿತು ಎನ್ನುವುದು ಗೊತ್ತಾಗಿರುವುದಿಲ್ಲ, ಮುಂದಿನ ಬೀಗಕ್ಕೆ ಅದು ಉಪಯೋಗಕ್ಕೂ ಬರುವುದಿಲ್ಲ.

ಸಲಕರಣೆ ಹೆಚ್ಚು ಬೇಡ. ಹದಿನೈದು ಇಪ್ಪತ್ತು ಕಡ್ಡಿಗಳ ಸೆಟ್ಟಿನಲ್ಲಿ ಕೆಲಸಕ್ಕೆ ಬರುವುದು ಗಿಡ್ಡ ಕೊಕ್ಕೆಯದೊಂದು, ಸ್ವಲ್ಪ ಎತ್ತರದ ಕೊಕ್ಕೆಯದೊಂದು, ಪ್ಲಗ್ಗನ್ನು ತುಸು ತಿರುಗಿಸಿ ಹಿಡಿಯಲು ಎರಡು ಟೆನ್ಷನ್ ಕಡ್ಡಿ. ಕೊಕ್ಕೆ ಕಡ್ಡಿಯ ದಪ್ಪ ಸುಮಾರು 0.6 ಮಿ.ಮೀ. ಇರಲಿ. ಇಕ್ಕಟ್ಟಾದ ಕೀ ತೂತಿಗೆ 0.5 ಮಿ.ಮೀ.ನದು ಬೇಕಾಗುತ್ತದೆ. ಸ್ವಂತವಾಗಿ ಮಾಡಿಕೊಳ್ಳುವುದಾದರೆ ಹ್ಯಾಕ್ಸಾ ಬ್ಲೇಡಿನ ದಪ್ಪ ಸರಿಹೊಂದುತ್ತದೆ. ಬಗ್ಗುವ ಬ್ಲೇಡನ್ನೇ ಆರಿಸಿಕೊಳ್ಳಿ, ಪೂರ್ತಿ ಗಡಸಾಗಿರುವುದು ಬೀಗದೊಳಗೇ ತುಂಡಾಗಿ ಕೂರುತ್ತದೆ. ಗ್ರೈಂಡರ್ ಹಿಡಿದರೆ ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಲೇಬೇಕು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಹದ ಹೋಯಿತು, ಆಮೇಲೆ ಅದು ತಗಡಿನ ಹಾಗೆ ಬಾಗುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಕೊನೆಗೆ 400, ಆಮೇಲೆ 800 ನಂಬರಿನ ಎಮರಿ ಪೇಪರಿನಲ್ಲಿ ತಿಕ್ಕಿ ನುಣುಪು ಮಾಡಿ. ಒರಟು ಅಂಚು ಪಿನ್ನಿಗೆ ಉಜ್ಜಿದರೆ ಬರುವ ಗರಗರ ಸದ್ದಿನಲ್ಲಿ ನಿಜವಾದ ಸುಳಿವು ಮುಚ್ಚಿಹೋಗುತ್ತದೆ. ಟೆನ್ಷನ್ ಕಡ್ಡಿಗೆ ಕಾರಿನ ಹಳೆಯ ವೈಪರ್ ರಬ್ಬರಿನೊಳಗಿರುವ ಎರಡು ಉಕ್ಕಿನ ಪಟ್ಟಿ ಹೇಳಿ ಮಾಡಿಸಿದ ಹಾಗಿರುತ್ತವೆ. ಗ್ಯಾರೇಜಿನವರು ಎಸೆಯುವ ವೈಪರನ್ನು ಕೇಳಿದರೆ ಕೊಟ್ಟುಬಿಡುತ್ತಾರೆ.

ಈಗ ಸಿಲಿಂಡರ್. ನೇರವಾಗಿ ಐದು ಪಿನ್ನಿಗೆ ಕೈ ಹಾಕಬೇಡಿ, ಒಂದೇ ಪಿನ್ನಿನಿಂದ ಶುರು ಮಾಡಿ. ಪ್ಲಗ್ಗಿನ ಒಳತುದಿಯಲ್ಲಿ ಅದನ್ನು ಹಿಡಿದಿಡುವ ಸರ್ಕ್ಲಿಪ್ಪನ್ನು (ಬಾಯಿ ತೆರೆದ ಉಂಗುರದಂಥ ಕ್ಲಿಪ್ಪು) ಸಣ್ಣ ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ತೆಗೆಯಿರಿ. ಅದು ಹಾರಿ ಕಾಣೆಯಾಗುವ ಸಾಮಾನು, ಮೇಲೊಂದು ಬಟ್ಟೆ ಮುಚ್ಚಿಕೊಂಡೇ ಮಾಡಿ. ಕೀ ಹಾಕಿ ಪ್ಲಗ್ಗನ್ನು ಸ್ವಲ್ಪವೇ ತಿರುಗಿಸಿ. ಪ್ಲಗ್ಗಿನಷ್ಟೇ ದಪ್ಪದ ದುಂಡು ಕಡ್ಡಿಯೊಂದನ್ನು ಹಿಂದಿನಿಂದ ತಳ್ಳುತ್ತ ಪ್ಲಗ್ಗನ್ನು ಮುಂದಕ್ಕೆ ಎಳೆಯಿರಿ. ಕಡ್ಡಿಗೂ ಪ್ಲಗ್ಗಿಗೂ ನಡುವೆ ಜಾಗ ಬಿಟ್ಟಿರೋ, ಸ್ಪ್ರಿಂಗುಗಳು ಡ್ರೈವರ್ ಪಿನ್ನುಗಳನ್ನು ನೆಲಕ್ಕೆ ಚಿಮ್ಮಿಸುತ್ತವೆ. ಕೀ ಪಿನ್ನುಗಳ ಎತ್ತರ ಬೇರೆ ಬೇರೆ, ಕ್ರಮ ತಪ್ಪಿದರೆ ಕೀ ಮತ್ತೆ ಹೊಂದುವುದಿಲ್ಲ. ಒಂದೊಂದು ತೂತಿನ ಜೋಡಿಯನ್ನೂ ಅದರ ಸ್ಪ್ರಿಂಗನ್ನೂ ಬೇರೆ ಬೇರೆ ಇಡಲು ಅಳಗುಳಿಮಣೆಗಿಂತ ಒಳ್ಳೆಯದು ಇಲ್ಲ. ಐದು ತೂತಿಗೆ ಐದು ಗುಳಿ, ಕೀ ಹಾಕುವ ಕಡೆಯಿಂದ ಎಣಿಸಿಕೊಂಡು. ಎಲ್ಲಕ್ಕಿಂತ ಮುಂದಿರುವ ತೂತಿಗೆ ಮಾತ್ರ ಪಿನ್ ಜೋಡಿ ಹಾಕಿ ಮತ್ತೆ ಕೂಡಿಸಿ. ಸರ್ಕ್ಲಿಪ್ ಹಾಕದೆ ಅಭ್ಯಾಸಕ್ಕೆ ಕೂತರೆ ಪ್ಲಗ್ ಕಡ್ಡಿಯ ಜತೆಗೇ ಹೊರಬಂದು ಎಲ್ಲವೂ ಚೆಲ್ಲಾಪಿಲ್ಲಿಯಾಗುತ್ತದೆ. ಒಂದು ಪಿನ್ ಕೈಗೆ ಹತ್ತಿದ ಮೇಲೆ ಎರಡು, ಆಮೇಲೆ ಮೂರು.

ಸಿಲಿಂಡರಿನಲ್ಲಿ ಸ್ಪ್ರಿಂಗುಗಳಿರುವ ಉಬ್ಬು ಮೇಲೆ ಬರುವಂತೆ ಸಣ್ಣ ವೈಸಿನಲ್ಲಿ ಕಚ್ಚಿಸಿ. ಟೆನ್ಷನ್ ಕಡ್ಡಿಯನ್ನು ಕೀ ತೂತಿನ ಕೆಳ ಅಂಚಿನಲ್ಲಿ ಇಟ್ಟು ಒಂದು ಬೆರಳಿನಿಂದ ಒತ್ತಿ. ಎಷ್ಟು? ಒತ್ತುವ ಬೆರಳಿನ ಉಗುರು ಬಿಳಿಚಿಕೊಂಡರೆ ಅದು ಜಾಸ್ತಿಯೇ. ಕಲಿಯುವವರ ನೂರೆಂಟು ತೊಂದರೆಗೆ ಕಾರಣ ಈ ಒತ್ತಡವೇ. ಜೋರಾಗಿ ಒತ್ತಿದಾಗ ಎರಡು ಮೂರು ಪಿನ್ನು ಒಟ್ಟಿಗೆ ಬಿಗಿಯುತ್ತವೆ, ಯಾವುದು ಮೊದಲನೆಯದು ಎನ್ನುವ ಸುಳಿವೇ ಸಿಗುವುದಿಲ್ಲ, ಸಿಟ್ಟಿನಲ್ಲಿ ಇನ್ನಷ್ಟು ಒತ್ತುತ್ತೀರಿ, ಕಡ್ಡಿ ಬಾಗುತ್ತದೆ.

ಕೊಕ್ಕೆಯಿಂದ ಪಿನ್ನನ್ನು ಮೆಲ್ಲಗೆ ಮುಟ್ಟಿದಾಗ ಅದು ನಾಲ್ಕು ಬಗೆಯಲ್ಲಿ ಉತ್ತರ ಕೊಡುತ್ತದೆ. ಬೆರಳಿಗೆ ಗಟ್ಟಿಯಾಗಿ ಎದುರು ನಿಂತರೆ ಅದೇ ಬಿಗಿದ ಪಿನ್, ಈಗ ಎತ್ತಬೇಕಾದದ್ದು. ಮೆತ್ತಗೆ ಪುಟಿದರೆ ಅದರ ಸರದಿ ಇನ್ನೂ ಬಂದಿಲ್ಲ, ಬಿಟ್ಟು ಮುಂದೆ ಹೋಗಿ. ಒಂಚೂರು ಅಲುಗಾಡಿ, ಮೇಲೆ ಸ್ಪ್ರಿಂಗಿನ ಒತ್ತಡವೇ ಇಲ್ಲದಂತಿದ್ದರೆ ಅದು ಕೂತಾಗಿದೆ, ಮತ್ತೆ ಮುಟ್ಟಬೇಡಿ. ನಾಲ್ಕನೆಯದು ಮೋಸದ್ದು: ಒಂದಿಷ್ಟೂ ಅಲುಗಾಡದೆ ಕಲ್ಲಿನಂತೆ ನಿಂತಿದ್ದರೆ, ಕೀ ಪಿನ್ನೇ ಸಂದಿ ದಾಟಿ ಮೇಲಕ್ಕೆ ಹೋಗಿ ಸಿಕ್ಕಿಕೊಂಡಿದೆ. ಅದನ್ನು ಒಂದನೆಯದೆಂದು ತಿಳಿದು ಇನ್ನೂ ಎತ್ತಿದರೆ ಗಂಟೆಗಟ್ಟಲೆ ವ್ಯರ್ಥ. ಟೆನ್ಷನ್ನನ್ನು ನಿಧಾನವಾಗಿ ಸಡಿಲಿಸಿ, ಟಕ್ ಎಂದು ಅದೊಂದು ಬೀಳುವುದನ್ನು ಕೇಳಿ, ಮತ್ತೆ ಶುರು ಮಾಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಬೆರಳು ಜಡ್ಡುಗಟ್ಟಿದ ಮೇಲೆ ಕೂತದ್ದು ಲೆಕ್ಕಕ್ಕಿಲ್ಲ.

ಜಗತ್ತಿನ ಹವ್ಯಾಸಿಗಳೆಲ್ಲ ಒಪ್ಪಿಕೊಂಡ ನಿಯಮ ಎರಡೇ. ನಿಮ್ಮದಲ್ಲದ ಬೀಗವನ್ನು ಮಾಲೀಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಬಳಕೆಯಲ್ಲಿರುವ ಬೀಗವನ್ನು, ಅದು ನಿಮ್ಮದೇ ಆಗಿದ್ದರೂ, ಮುಟ್ಟಬೇಡಿ. ಮೊದಲನೆಯದನ್ನು ಯಾರೂ ಪ್ರಶ್ನಿಸುವುದಿಲ್ಲ, ಎರಡನೆಯದನ್ನು ಎಲ್ಲರೂ ಮೀರುತ್ತಾರೆ. ಮನೆ ಬಾಗಿಲಿನ ಸಿಲಿಂಡರನ್ನು ಕೀ ಇಲ್ಲದೆ ಅರ್ಧ ಸುತ್ತು ತಿರುಗಿಸಿದಿರಿ ಅಂದುಕೊಳ್ಳಿ. ಕೀ ತೂತಿನ ತೆರೆದ ಬದಿ ಆಗ ಡ್ರೈವರ್ ಪಿನ್ನುಗಳ ಕಡೆಗೆ ಬರುತ್ತದೆ, ಸ್ಪ್ರಿಂಗ್ ಅವನ್ನು ಕೀ ತೂತಿನೊಳಕ್ಕೆ ನೂಕುತ್ತದೆ. ಪ್ಲಗ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಈಗ ಕೀಯೂ ಒಳಗೆ ಹೋಗದು. ಮೇಜಿನ ಮೇಲಾದರೆ ತೆಳು ಕಡ್ಡಿಯಿಂದ ಪಿನ್ನುಗಳನ್ನು ಹಿಂದಕ್ಕೆ ತಳ್ಳಿ ಪ್ಲಗ್ ತಿರುಗಿಸಿದರಾಯಿತು. ರಾತ್ರಿ ಹತ್ತು ಗಂಟೆಗೆ, ಮಕ್ಕಳು ಹೊರಗೆ ನಿಂತಿರುವಾಗ ಬಾಗಿಲಲ್ಲಿ ಇದನ್ನು ಮಾಡುವುದು ಬೇರೆ ಮಾತು. ಬಾಡಿಗೆ ಮನೆಯಲ್ಲಿರುವವರು ಓನರ್ ಹಾಕಿಸಿದ ಬೀಗದ ಹತ್ತಿರವೂ ಹೋಗಬೇಡಿ.

ಕಾನೂನು ಇಲ್ಲಿ ಉದ್ದೇಶವನ್ನೂ ಸಂದರ್ಭವನ್ನೂ ನೋಡುತ್ತದೆ. ಅತಿಕ್ರಮ ಪ್ರವೇಶಕ್ಕಾಗಿ ಬೀಗ ತೆರೆಯುವುದನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಮನೆ ಒಡೆಯುವ ಅಪರಾಧದಲ್ಲೇ ಸೇರಿಸಿದೆ, ಬಾಗಿಲು ಮುರಿದಿರಲೇಬೇಕೆಂದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸರಿಯಾದ ಕಾರಣವಿಲ್ಲದೆ ಮನೆ ಒಡೆಯುವ ಸಲಕರಣೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಅದೂ ಅಪರಾಧ. ಕಡ್ಡಿಗಳ ಚೀಲವನ್ನು ಬೈಕಿನ ಡಬ್ಬಿಯಲ್ಲಿಟ್ಟುಕೊಂಡು ತಿರುಗುವುದು ಯಾತಕ್ಕೆ? ಮನೆಯಲ್ಲಿರಲಿ.

ಇದು ಚೋರವಿದ್ಯೆ, ಇದನ್ನೆಲ್ಲ ಹೀಗೆ ಬರೆಯಬಾರದು ಎನ್ನುವವರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಪೇಪರ್ ತೆಗೆದು ನೋಡಿ, "ಬೀಗ ಮುರಿದು ನಗನಾಣ್ಯ ದೋಚಿ" ಎಂದೇ ಇರುತ್ತದೆ. ಕಬ್ಬಿಣದ ರಾಡು ಹಿಡಿದವನಿಗೆ ಐದು ಪಿನ್ನಿನ ಸಹನೆ ಬೇಕಿಲ್ಲ. ಲಂಡನ್ನಿನಲ್ಲಿ ಬೀಗ ಮಾಡುವ ಬ್ರಾಮಾ ಕಂಪನಿ ತನ್ನ ಬೀಗವನ್ನು ತೆರೆದವರಿಗೆ 200 ಗಿನಿ (ಆಗಿನ ಇಂಗ್ಲಿಷ್ ಹಣ) ಬಹುಮಾನ ಎಂದು ಅಂಗಡಿಯ ಕಿಟಕಿಯಲ್ಲಿ ಬರೆದು ಇಟ್ಟಿತ್ತು. ಆರು ದಶಕ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದ ಹೊತ್ತಿಗೆ ಬಂದ ಅಮೆರಿಕದ ಬೀಗ ಪರಿಣತ ಆಲ್‌ಫ್ರೆಡ್ ಹಾಬ್ಸ್ ಮೊದಲು ಚಬ್ ಕಂಪನಿಯ ಬೀಗ ತೆರೆದ, ಆಮೇಲೆ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಬ್ರಾಮಾ ಬೀಗವನ್ನೂ ತೆರೆದ. ಗುಟ್ಟು ಬಯಲಾಯಿತೆಂದು ಗದ್ದಲವೆದ್ದಿತು. ಆದರೆ ಬೀಗ ಮಾಡುವವರು ತಮ್ಮ ಕೆಲಸವನ್ನು ಸುಧಾರಿಸಿಕೊಳ್ಳಬೇಕಾಗಿ ಬಂದದ್ದು ಆ ಗದ್ದಲದಿಂದಲೇ. ಬೀಗದ ಒಳಗು ತಿಳಿದವರು ಅಂಗಡಿಯಲ್ಲಿ ಹೊಳಪು ನೋಡಿ ಬೀಗ ಕೊಳ್ಳುವುದಿಲ್ಲ. ಗೃಹಪ್ರವೇಶದ ದಿನ ಹೊಸ ಮನೆಯ ಕೀ ಕ್ಯಾಮೆರಾಕ್ಕೆ ಹಿಡಿದು ಫೋಟೊ ಹಾಕುವುದಿಲ್ಲ. ಆ ಹಲ್ಲುಗಳ ಎತ್ತರವನ್ನು ಫೋಟೊದಿಂದಲೇ ಅಳೆದು ಕೀ ಕತ್ತರಿಸಬಹುದು. 2008ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸುಮಾರು 195 ಅಡಿ ದೂರದಿಂದ ತೆಗೆದ ಚಿತ್ರದಿಂದ ಇದನ್ನು ಮಾಡಿ ತೋರಿಸಿದ್ದಾರೆ.

ಐದು ಪಿನ್ನೂ ಕೈಗೆ ಬಂದ ಮೇಲೆ ಇನ್ನೊಂದು ಸಿಲಿಂಡರ್ ಕೊಳ್ಳಿ. ಈ ಸಲ ಸ್ಪೂಲ್ ಪಿನ್ ಇರುವಂಥದ್ದು, ನೂಲಿನ ರೀಲಿನ ಹಾಗೆ ನಡು ಸಣ್ಣಗಿರುವ ಡ್ರೈವರ್ ಪಿನ್. ಇದರಲ್ಲಿ ಪ್ಲಗ್ ಇದ್ದಕ್ಕಿದ್ದಂತೆ ಕೆಲವು ಡಿಗ್ರಿ ವಾಲಿ ನಿಂತುಬಿಡುತ್ತದೆ. ತೆರೆಯಿತು ಎಂದು ಖುಷಿಯಾಗುತ್ತದೆ, ಆದರೆ ಮುಂದೆ ಹೋಗದು. ಪಿನ್ನಿನ ಸಣ್ಣ ನಡು ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದೊಂದೇ ಪಿನ್ನನ್ನು ಮೆಲ್ಲಗೆ ಎತ್ತಿ ನೋಡಿ. ಯಾವುದನ್ನು ಎತ್ತಿದಾಗ ಟೆನ್ಷನ್ ಕಡ್ಡಿ ನಿಮ್ಮ ಬೆರಳನ್ನು ಹಿಂದಕ್ಕೆ ತಳ್ಳುತ್ತದೋ ಅದೇ ಸ್ಪೂಲ್. ಅಲ್ಲಿ ಬೆರಳು ಬಿಗಿ ಮಾಡಬೇಡಿ, ಸೋತುಕೊಡಿ. ಪ್ಲಗ್ ತುಸು ಹಿಂದಕ್ಕೆ ಬರಲಿ, ಪಿನ್ನಿನ ಅಗಲ ಅಂಚು ಸಂದಿ ದಾಟಿ ಟಿಕ್ ಎನ್ನುವವರೆಗೆ ಎತ್ತಿ. ಆ ಹೊತ್ತಿಗೆ ಇನ್ನೊಂದು ಪಿನ್ ಜಾರಿ ಕೆಳಗೆ ಬಿದ್ದರೆ ಗಾಬರಿಯಾಗಬೇಡಿ, ಹೋಗಿ ಅದನ್ನು ಮತ್ತೆ ಕೂರಿಸಿ ಬನ್ನಿ.