‘ವೋಕ್’ ಅನ್ನೋದು ಬೈಗುಳ ಅಲ್ಲ

ಹೋದ ವಾರ ನಮ್ಮ ನೆಂಟರ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಮನೆಗೆಲಸಕ್ಕೆ ಬರುವವರಿಗೆ ಕಾಫಿ ಕೊಡೋಕೆ ಬೇರೆ ಲೋಟ ಯಾಕೆ ಅಂತ. ಕಿಟಕಿ ಮೂಲೆಯಲ್ಲಿ ಬೋರಲು ಹಾಕಿಟ್ಟಿರುತ್ತಾರಲ್ಲ, ಅಂಚು ನೆಗ್ಗಿದ ಸ್ಟೀಲ್ ಲೋಟ, ಅದು. ಉತ್ತರ ಒಂದೇ ಸಾಲು: ‘ನೀನು ತುಂಬಾ ವೋಕ್ ಆಗ್ಬಿಟ್ಟೆ.’ ಜೊತೆಗೆ ನಾಲ್ಕು ನಗುವ ಎಮೋಜಿ.

ಬೇಜಾರಾಯಿತು. ನನಗೆ ಅಂದಿದ್ದಕ್ಕಿಂತ ಜಾಸ್ತಿ, ಆ ಪದಕ್ಕೆ ಬಂದ ಗತಿ ನೋಡಿ.

ವೋಕ್ ಅಂದರೆ ಎಚ್ಚರವಾಗಿರೋದು, ಅಷ್ಟೇ. ಅಮೆರಿಕದ ಕಪ್ಪು ಜನರ ಆಡುಮಾತು. ಶಾಲೆಯ ಇಂಗ್ಲಿಷ್ ‘ಅವೇಕ್’ ಅನ್ನುವ ಕಡೆ ಅವರು ‘ವೋಕ್’ ಅಂದರು. 1931ರಲ್ಲಿ ಅಲಬಾಮಾ ರಾಜ್ಯದಲ್ಲಿ ಗೂಡ್ಸ್ ರೈಲು ಹತ್ತಿ ಹೊರಟಿದ್ದ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಬಿತ್ತು. ದೂರು ಕೊಟ್ಟವರು ಇಬ್ಬರು ಬಿಳಿ ಹೆಂಗಸರು. ಹುಡುಗರಲ್ಲಿ ಕೆಲವರಿಗೆ ಇನ್ನೂ ಮೀಸೆ ಚಿಗುರುವ ವಯಸ್ಸೂ ಅಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿಗಳು ತಪ್ಪಿತಸ್ಥರು ಅಂದವು, ಎಂಟು ಜನರಿಗೆ ಮರಣದಂಡನೆ ಆಯಿತು. ಆಮೇಲೆ ವರ್ಷಗಟ್ಟಲೆ ಕೇಸು ನಡೆದು ಜೀವ ಉಳಿಯಿತು. ಆದರೆ ಜೈಲಿನಲ್ಲಿ ಕಳೆದ ವಯಸ್ಸು ವಾಪಸ್ ಬರಲಿಲ್ಲ.

ಗಾಯಕ ಲೆಡ್ ಬೆಲ್ಲಿ ಈ ಹುಡುಗರ ಮೇಲೆ ಹಾಡು ಕಟ್ಟಿದರು. 1938ರ ಧ್ವನಿಮುದ್ರಣದಲ್ಲಿ ಹಾಡು ಮುಗಿದ ಮೇಲೆ ಸುಮ್ನೆ ಮಾತಾಡುತ್ತಾ ಹೇಳುತ್ತಾರೆ: ಆ ಕಡೆ ಹೋಗೋರು ಸ್ವಲ್ಪ ಹುಷಾರು, ಕಣ್ಣು ಬಿಟ್ಟುಕೊಂಡಿರಿ, ‘ಸ್ಟೇ ವೋಕ್’. ರಾತ್ರಿ ಬಸ್ಸಿಗೆ ಹೊರಟ ಮಗನಿಗೆ ಅಮ್ಮ ‘ಹುಷಾರು ಕಣೋ’ ಅನ್ನುವ ಹಾಗೆ. ಜೀವ ಉಳಿಸಿಕೊಳ್ಳೋಕೆ ಹೇಳಿದ ಮಾತು ಅದು.

1962ರಲ್ಲಿ ವಿಲಿಯಂ ಮೆಲ್ವಿನ್ ಕೆಲ್ಲಿ ಅನ್ನುವ ಕಪ್ಪು ಲೇಖಕರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಈ ಪದ ಅದರ ತಲೆಬರಹದಲ್ಲೇ ಇತ್ತು. ತಮ್ಮ ಜನರ ಪದಗಳನ್ನು ಬಿಳಿಯರು ಎತ್ತಿಕೊಂಡಾಗ ಅರ್ಥ ಹೇಗೆ ಬದಲಾಗುತ್ತದೆ ಅನ್ನೋದೇ ಅದರ ವಿಷಯ. ವೋಕ್‌ಗೂ ಕೊನೆಗೆ ಅದೇ ಆಯಿತು.

2014ರಲ್ಲಿ ಅಮೆರಿಕದ ಫರ್ಗುಸನ್ ಊರಿನಲ್ಲಿ ಪೊಲೀಸ್ ಗುಂಡಿಗೆ ಮೈಕೆಲ್ ಬ್ರೌನ್ ಅನ್ನುವ ಕಪ್ಪು ಹುಡುಗ ಸತ್ತಾಗ ಈ ಮಾತು ಮತ್ತೆ ಬೀದಿಗೆ ಬಂತು. 2017ರಲ್ಲಿ ಅನ್ಯಾಯದ ಬಗ್ಗೆ ಎಚ್ಚರವಾಗಿರೋದು ಅನ್ನುವ ಅರ್ಥ ಆಕ್ಸ್‌ಫರ್ಡ್ ನಿಘಂಟು ಸೇರಿತು. ಅಷ್ಟರಲ್ಲಿ ಎದುರಾಳಿಗಳ ಬಾಯಲ್ಲಿ ಅದು ಹೀಯಾಳಿಕೆ ಆಗತೊಡಗಿತ್ತು. 2022ರಲ್ಲಿ ಫ್ಲೋರಿಡಾ ರಾಜ್ಯ ವೋಕ್ ತಡೆಯೋಕೆ ಅಂತಲೇ ಕಾನೂನು ತಂದಿತು. ಅದೇ ವರ್ಷ ಕೋರ್ಟಿನಲ್ಲಿ ವೋಕ್ ಅಂದರೇನು ಅಂತ ಅಲ್ಲಿನ ಗವರ್ನರ್ ಕಡೆಯ ವಕೀಲರನ್ನೇ ಕೇಳಿದರು. ಸಮಾಜದ ವ್ಯವಸ್ಥೆಯಲ್ಲೇ ಅನ್ಯಾಯಗಳಿವೆ, ಅವನ್ನು ಸರಿಪಡಿಸಬೇಕು ಅನ್ನುವ ನಂಬಿಕೆ ಅಂದರು. ಇದರಲ್ಲಿ ಬೈಯೋಕೆ ಏನಿದೆ ಹೇಳಿ?

ನಮ್ಮಲ್ಲೂ ಹೀಗೇ ಆಗಿದೆ ಅಲ್ವಾ? ‘ಬುದ್ಧಿಜೀವಿ’ ಪದವನ್ನೇ ನೋಡಿ. ಓದು, ಯೋಚನೆ ನಂಬಿ ಬದುಕುವವರು ಅನ್ನುವ ಒಳ್ಳೆಯ ಅರ್ಥ. ಈಗ ಯಾವುದೇ ಪೋಸ್ಟ್ ಕೆಳಗೆ ಆ ಪದ ಕಂಡರೆ ಅದು ಚುಚ್ಚೋಕೇ ಬಂದಿರುತ್ತದೆ. ‘ಪ್ರಗತಿಪರ’ ಕೂಡ ಅದೇ ದಾರಿ ಹಿಡಿದಿದೆ. ಹೀಗೆ ಒಂದು ಪದ ಎಸೆದರೆ ಸಾಕು, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಇರೋದಿಲ್ಲ. ನನಗೆ ನೋವಾಗೋದು ಇಲ್ಲೇ.

ಆ ಒಂಬತ್ತು ಹುಡುಗರ ಕತೆಯನ್ನು ಗ್ರೂಪ್‌ನಲ್ಲಿ ಬರೆದು ಹಾಕಿದೆ. ಎಲ್ಲರೂ ಓದಿದ್ದಾರೆ, ನೀಲಿ ಟಿಕ್ ಬಂದಿದೆ. ಲೋಟದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕಾಯುತ್ತಿದ್ದೇನೆ.