ಗಾಳಿ ತೃಪ್ತಿಕರ, ಕೆಮ್ಮು ನಿಮ್ಮದು

ಮೊನ್ನೆ ಬೆಳಿಗ್ಗೆ ಸ್ಕೂಟರ್ ಸೀಟು ಒರೆಸುತ್ತಿದ್ದೆ. ಹಿಂದಿನ ಸಂಜೆಯೂ ಒರೆಸಿದ್ದೆ. ಬೆಳಗಾಗುವಷ್ಟರಲ್ಲಿ ಹುರಿದ ರವೆ ಚೆಲ್ಲಿದ ಹಾಗೆ ಅದರ ಮೇಲೆ ಮತ್ತೆ ದೂಳು ಕೂತಿತ್ತು. ನಾಲ್ಕು ಸಲ ಸೀನಿ, ಒಳಗೆ ಬಂದು ಪೇಪರ್ ಬಿಡಿಸಿದೆ. ಮೂಲೆಯಲ್ಲೊಂದು ಪುಟ್ಟ ಚೌಕ. ಬೆಂಗಳೂರಿನ ಗಾಳಿ: ತೃಪ್ತಿಕರ.

ಯಾರಿಗೆ ಅಂತ ಬರೆದಿರಲಿಲ್ಲ.

ಈ ಪದ ನನಗೆ ಹಳೇ ಪರಿಚಯ. ನಾನು ಓದಿದ ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ‘ನಡತೆ’ ಅಂತ ಒಂದು ಕಾಲಂ ಇತ್ತು. ಒಳ್ಳೆ ಹುಡುಗರಿಗೆ ‘ಉತ್ತಮ’. ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟವರಿಗೆ ‘ತೃಪ್ತಿಕರ’. ಅದಕ್ಕಿಂತ ಕೆಳಗೆ ಬರೆದರೆ ಅಪ್ಪ ಅಮ್ಮ ಶಾಲೆಗೆ ಬರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ಮೇಷ್ಟ್ರಿಗೆ ಅದೆಲ್ಲ ಯಾಕೆ? ಹೀಗಾಗಿ ಮೂರು ವರ್ಷ ನನ್ನ ನಡತೆ ತೃಪ್ತಿಕರವಾಗಿತ್ತು. ಅಪ್ಪ ಖುಷಿಯಿಂದಲೇ ಸಹಿ ಹಾಕುತ್ತಿದ್ದರು.

ಆ ಮೇಷ್ಟ್ರು ರಿಟೈರ್ ಆದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸೇರಿದರೋ ಏನೋ ಅಂತ ನನಗೊಂದು ಗುಮಾನಿ. ಗಾಳಿಗೂ ಅವರು ಅದೇ ಕಾರ್ಡ್ ಮಾಡಿಟ್ಟಿದ್ದಾರೆ. ಗಾಳಿಯ ಗುಣಮಟ್ಟದ ಸೂಚ್ಯಂಕ 50ರವರೆಗೆ ಉತ್ತಮ. 51ರಿಂದ 100 ತೃಪ್ತಿಕರ, ಬಣ್ಣ ತಿಳಿಹಸಿರು. ಆಮೇಲೆ ಸಾಧಾರಣ, ಕಳಪೆ, ತೀರಾ ಕಳಪೆ, ತೀವ್ರ. 500ಕ್ಕೆ ಲೆಕ್ಕ ಮುಗಿಯಿತು. ಅದರ ಮೇಲೆ ಗಾಳಿ ಎಷ್ಟು ಕೆಟ್ಟರೂ ಅದು ಐನೂರೇ. ಆಟೋ ಮೀಟರು ಮಾತ್ರ ಹೀಗೆ ಎಲ್ಲೂ ನಿಲ್ಲುವುದಿಲ್ಲ ನೋಡಿ.

ತೃಪ್ತಿಕರ ಅಂದರೆ ಏನು ಅಂತ ಮಂಡಳಿಯೇ ಬಿಡಿಸಿ ಹೇಳಿದೆ. ಸೂಕ್ಷ್ಮ ದೇಹದವರಿಗೆ ಉಸಿರಾಟದಲ್ಲಿ ಸ್ವಲ್ಪ ತೊಂದರೆ ಆಗಬಹುದು, ಅಷ್ಟೇ. ದರ್ಶಿನಿಯವನೊಬ್ಬ ‘ನಮ್ಮ ಸಾಂಬಾರು ತೃಪ್ತಿಕರವಾಗಿದೆ, ಸೂಕ್ಷ್ಮದವರಿಗೆ ಸ್ವಲ್ಪ ಭೇದಿ ಆಗಬಹುದು’ ಅಂತ ಬೋರ್ಡ್ ಹಾಕಿದರೆ ನೀವು ಇಡ್ಲಿ ಅದ್ದಿಕೊಂಡು ತಿನ್ನುತ್ತೀರಾ? ಅಲ್ಲಾದರೆ ಎದುರಿನ ಹೋಟೆಲಿಗೆ ಹೋಗಬಹುದು. ಗಾಳಿಗೆ ಎದುರಿನ ಹೋಟೆಲ್ ಇಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಪಿಎಂ 2.5 ಅಂದರೆ ಕೂದಲೆಳೆಯ ದಪ್ಪದ ಸುಮಾರು ಮೂವತ್ತನೇ ಒಂದು ಪಾಲಿನ ಕಣ. ಮೂಗಿನ ಕೂದಲಿಗೆ ಸಿಗುವುದಿಲ್ಲ. ನೇರ ಶ್ವಾಸಕೋಶದ ತಳ ಸೇರುತ್ತದೆ, ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇದು ದಿನಕ್ಕೆ ಸರಾಸರಿ 60 ಮೈಕ್ರೊಗ್ರಾಂ ಇದ್ದರೂ ನಮಗೆ ತೃಪ್ತಿ. ವಿಶ್ವ ಆರೋಗ್ಯ ಸಂಸ್ಥೆ 15 ದಾಟಬಾರದು ಅನ್ನುತ್ತದೆ. ವರ್ಷದ ಸರಾಸರಿಗೆ ನಮ್ಮ ಮಿತಿ 40, ಅವರದು 5. ಅವರದೂ ಮೊದಲು 10 ಇತ್ತು. ಹೊಸ ಸಂಶೋಧನೆ ನೋಡಿ 2021ರಲ್ಲಿ ಅರ್ಧಕ್ಕೆ ಇಳಿಸಿದರು. ನಾವು 2009ರಲ್ಲಿ ಬರೆದ 40 ಅಜ್ಜನ ಕಾಲದ ಪಂಚಪಾತ್ರೆಯ ಹಾಗೆ ಇಟ್ಟಲ್ಲೇ ಇದೆ. ಬೆಂಗಳೂರಿನ ವರ್ಷದ ಸರಾಸರಿ 30ರ ಆಸುಪಾಸು. ಅವರ ಲೆಕ್ಕದಲ್ಲಿ ಆರು ಪಟ್ಟು ಜಾಸ್ತಿ, ನಮ್ಮ ಲೆಕ್ಕದಲ್ಲಿ ಪಾಸು. ಎಸ್‌ಎಸ್‌ಎಲ್‌ಸಿಗೂ ಪಾಸ್ ಮಾರ್ಕನ್ನು 35ರಿಂದ 33ಕ್ಕೆ ಇಳಿಸಿದ ರಾಜ್ಯ ನಮ್ಮದು. ಫೇಲಾಗುವುದು ನಮ್ಮ ಸಂಸ್ಕೃತಿಯಲ್ಲಿಲ್ಲ.

ಇಷ್ಟು ಹೇಳಿದರೆ ಪಕ್ಕದ ಮನೆಯ ರಾಯರದು ಒಂದೇ ಉತ್ತರ. ‘ದೆಹಲಿಗಿಂತ ವಾಸಿ ಅಲ್ವಾ?’

ಹೌದು, ವಾಸಿ. ಇದು ನಮ್ಮೂರಿನ ರಾಷ್ಟ್ರಗೀತೆ. ಕೆರೆ ನೊರೆ ಉಕ್ಕಿಸಲಿ, ದೆಹಲಿಗಿಂತ ವಾಸಿ. 2017ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ನೀರಿಗೇ ಬೆಂಕಿ ಬೀಳುವ ಊರು ಜಗತ್ತಿನಲ್ಲಿ ಎಷ್ಟಿದ್ದಾವು? ಆಗಲೂ ದೆಹಲಿಗಿಂತ ವಾಸಿ. ದೆಹಲಿ ಅನ್ನುವುದೊಂದು ಇಲ್ಲದಿದ್ದರೆ ನಮ್ಮ ಆಡಳಿತಗಾರರು ಅದನ್ನು ಕಟ್ಟಿಸಬೇಕಾಗಿತ್ತು.

ಆದರೆ ಈ ವಾಸಿತನದಲ್ಲಿ ನಮ್ಮ ಸಂಪಾದನೆ ಏನಿದೆ? ಊರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಬೀಸುತ್ತದೆ. ನಮ್ಮ ಹೊಗೆಯನ್ನು ಹೊತ್ತು ಯಾವುದೋ ಊರಿನ ಮೇಲೆ ಚೆಲ್ಲಿ ಬರುತ್ತದೆ. ನಾವು ನಮ್ಮ ಕಸವನ್ನು ಮಾವಳ್ಳಿಪುರಕ್ಕೆ, ಮಂಡೂರಿಗೆ, ಮಿಟ್ಟಗಾನಹಳ್ಳಿಗೆ ಹಾಕಿ ಬಂದ ಹಾಗೆ. ವ್ಯತ್ಯಾಸ ಇಷ್ಟೇ, ಗಾಳಿ ಲಾರಿ ಬಾಡಿಗೆ ಕೇಳುವುದಿಲ್ಲ.

ದೆಹಲಿಯವರನ್ನು ನೋಡಿ ನಗುವುದೂ ನಮಗೆ ಶೋಭಿಸುವುದಿಲ್ಲ. 2025ರ ಅಕ್ಟೋಬರ್ 28ರಂದು ಅವರು ಐಐಟಿ ಕಾನ್ಪುರದವರನ್ನು ಕರೆಸಿ, ವಿಮಾನ ಹಾರಿಸಿ, ಮೋಡ ಬಿತ್ತನೆ ಮಾಡಿಸಿದರು. ಮಳೆ ಸುರಿದು ಹೊಗೆ ತೊಳೆದುಹೋಗಲಿ ಅಂತ. ಮೋಡದಲ್ಲಿ ಇದ್ದ ತೇವ ಶೇಕಡ 15ರಿಂದ 20. ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ಒಣ ಬಟ್ಟೆ ಹಿಂಡಿದರೆ ನೀರು ಎಲ್ಲಿಂದ ಬಂದೀತು? ಆದರೆ ಈ ವಿದ್ಯೆಯಲ್ಲಿ ನಾವು ಅವರಿಗಿಂತ ಸೀನಿಯರ್. 2003ರಲ್ಲೇ ‘ವರುಣ’ ಅಂತ ಹೆಸರಿಟ್ಟು ಮೋಡ ಬಿತ್ತಿದ್ದೆವು. 2017ರಲ್ಲಿ ‘ವರ್ಷಧಾರೆ’. ಹೆಸರು ಇಡುವುದರಲ್ಲಿ ಕನ್ನಡಿಗರನ್ನು ಮೀರಿಸುವವರಿಲ್ಲ. ನಮ್ಮಜ್ಜಿ ಕಪ್ಪೆಗೆ ಮದುವೆ ಮಾಡಿಸುತ್ತಿದ್ದಳು. ಖರ್ಚು ಒಂದು ಅರಿಶಿನ ಕೊಂಬು, ಊಟಕ್ಕೆ ಕೋಸಂಬರಿ. ಮಳೆ ಬಾರದಿದ್ದರೂ ಕೋಸಂಬರಿ ಸಿಗುತ್ತಿತ್ತು.

ಹಳೇ ಬೆಂಗಳೂರಿಗರು ಈ ಹೊತ್ತಿಗೆ ಸ್ವೆಟರ್ ಕಥೆ ತೆಗೆಯುತ್ತಾರೆ. ‘ನಮ್ಮ ಕಾಲದಲ್ಲಿ ಫ್ಯಾನೇ ಇರಲಿಲ್ಲ.’ ನಿಜ ಸ್ವಾಮಿ. ಈಗ ಫ್ಯಾನು ಬಿಸಿ ಗಾಳಿಯನ್ನು ಸುತ್ತಿಸುತ್ತದೆ. 2016ರ ಏಪ್ರಿಲ್‌ನಲ್ಲಿ ಊರು 39.2 ಡಿಗ್ರಿ ಮುಟ್ಟಿತು, ದಾಖಲೆ. 2024ರ ಏಪ್ರಿಲ್ 28ಕ್ಕೆ 38.5. ಅದೇ ವರ್ಷ ಮಾರ್ಚ್‌ನಲ್ಲಿ ಕುಡಿಯೋಕೆ ನೀರಿಲ್ಲ ಅಂತ ಕೊಡ ಹಿಡಿದು ನಿಂತೆವು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿದು, ಅದೇ ಕೊಡದಿಂದ ಮನೆಯೊಳಗಿನ ನೀರು ಎತ್ತಿ ಹೊರಗೆ ಚೆಲ್ಲಿದೆವು. ಕೊಡ ಮಾತ್ರ ವೇಸ್ಟ್ ಆಗಲಿಲ್ಲ.

ಇದಕ್ಕೆ ಬರೀ ಆಕಾಶವನ್ನು ಬೈದರೆ ಆಗುವುದಿಲ್ಲ. 1980ರ ದಶಕದಲ್ಲಿ ನೇಗಿನಹಾಳ ಅನ್ನುವ ಅರಣ್ಯಾಧಿಕಾರಿ ಈ ಊರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದರು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಇಲ್ಲಿನ ರಸ್ತೆಗಳನ್ನೇ ಅಳೆದು 2013ರಲ್ಲಿ ಬರೆದಿದ್ದಾರೆ. ಮರ ಇರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ ತಂಪು, ಡಾಂಬರಿನ ಮೈ 27.5 ಡಿಗ್ರಿವರೆಗೂ ತಂಪು. ಕರೆಂಟಿಲ್ಲ, ಟೆಂಡರಿಲ್ಲ. ಟೆಂಡರ್ ಇಲ್ಲದ್ದೇ ಮರದ ದೊಡ್ಡ ದೋಷ ಅಂತ ಕಾಣುತ್ತದೆ. ಅದನ್ನು ಕಡಿಯುವುದಕ್ಕೆ ಕರೆಯಬಹುದು, ರಸ್ತೆಗೆ ಕಾಂಕ್ರೀಟು ಸುರಿಯುವುದಕ್ಕೆ ಕರೆಯಬಹುದು, ಸುರಿದ ಕಾಂಕ್ರೀಟು ಅಗೆದು ಪೈಪ್ ಹಾಕುವುದಕ್ಕೂ ಕರೆಯಬಹುದು.

ಈಗ ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ 16 ಕಿಲೋಮೀಟರ್‌ಗೂ ಉದ್ದ. ಊರಿನಲ್ಲಿ ನೋಂದಾಯಿಸಿದ ಗಾಡಿ ಒಂದು ಕೋಟಿ ದಾಟಿವೆ, ಮೇಲೆ ಜಾಗ ಇಲ್ಲ, ಆದ್ದರಿಂದ ಪಾತಾಳ. ಒಳಗೆ ತುಂಬುವ ಹೊಗೆಯನ್ನು ದೊಡ್ಡ ಫ್ಯಾನ್ ಹಾಕಿ ಹೊರಗೆ ಊದಬೇಕಾಗುತ್ತದೆ. ಹೊರಗೆ ಅಂದರೆ ನಾವು. ಮೂರು ನಿಮಿಷಕ್ಕೊಂದು ಬಸ್ಸು ಬಿಡಿ ಅಂದವರನ್ನು ಅಭಿವೃದ್ಧಿ ವಿರೋಧಿ ಅನ್ನುತ್ತಾರೆ. ಎರಡು ಮೂರು ವರ್ಷದಲ್ಲಿ ದೇವರೇ ಇಳಿದು ಬಂದರೂ ಬೆಂಗಳೂರನ್ನು ಬದಲಿಸಲಾಗದು ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ 2025ರ ಫೆಬ್ರುವರಿಯಲ್ಲಿ ಹೇಳಿದ್ದರು. ದೇವರು ಹೊರಟಿದ್ದಾನೋ ಏನೋ, ಪಾಪ, ಏರ್‌ಪೋರ್ಟ್ ರಸ್ತೆಯಲ್ಲಿ ಸಿಕ್ಕಿಕೊಂಡಿರಬೇಕು.

ದೂಳಿಗೂ ಯಂತ್ರ ಬಂದಿದೆ. ನಮ್ಮ ರಸ್ತೆಗೆ ಒಮ್ಮೆ ಬಂದಿತ್ತು. ಕೆಳಗೆ ದೊಡ್ಡ ಬ್ರಷ್ಷು ಗಿರಗಿರ ತಿರುಗುತ್ತದೆ. ನೆಲದ ದೂಳು ಎದ್ದು, ಎರಡನೇ ಮಹಡಿಯ ಬಟ್ಟೆಗಳನ್ನು ಮಾತಾಡಿಸಿ, ಗಾಡಿ ಮುಂದಕ್ಕೆ ಹೋದ ಮೇಲೆ ನಿಧಾನಕ್ಕೆ ಇಳಿದು ತನ್ನ ಜಾಗದಲ್ಲೇ ಕೂರುತ್ತದೆ. ಅದಕ್ಕೂ ಸ್ವಲ್ಪ ವ್ಯಾಯಾಮ ಬೇಕಲ್ಲ.

ವ್ಯಾಯಾಮ ಅಂದ ಕೂಡಲೇ ನೆನಪಾಯಿತು. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲೆ ಏಳುವುದಿಲ್ಲ. ಅದರ ಮೇಲಿನ ಬೆಚ್ಚನೆಯ ಪದರ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಕೂತಿರುತ್ತದೆ. ರಾತ್ರಿಯ ಲಾರಿ ಹೊಗೆ, ಮೂಲೆಯಲ್ಲಿ ಸುಟ್ಟ ಕಸ, ಎಲ್ಲ ಅದರ ಕೆಳಗೇ ಬೇಯುತ್ತಿರುತ್ತದೆ. ಬಿಸಿಲೇರಿ ತಟ್ಟೆ ಸರಿಯುವ ಮುಂಚೆ, ಆರು ಗಂಟೆಗೆ ಸರಿಯಾಗಿ, ನಾವು ಪಾರ್ಕಿಗೆ ಹೋಗಿ ಪ್ರಾಣಾಯಾಮ ಮಾಡುತ್ತೇವೆ. ಎಳೀರಿ, ಇನ್ನೂ ಎಳೀರಿ, ಹಿಡಿದಿಡಿ.

ಅದೇ ಹೊತ್ತಿಗೆ ಪಾರ್ಕಿನ ಆಚೆ ಪೌರಕಾರ್ಮಿಕ ಹೆಂಗಸರು ಕಡ್ಡಿಪೊರಕೆ ಹಿಡಿದು ರಸ್ತೆ ಗುಡಿಸುತ್ತಿರುತ್ತಾರೆ. ಮೂಗಿಗೆ ಸೆರಗು. ಆ ಸೆರಗಿನಲ್ಲಿ ಪಿಎಂ 2.5 ನಿಲ್ಲುವುದಿಲ್ಲ. ಇದು ಗೊತ್ತಿಲ್ಲದ ಅಧಿಕಾರಿ ಇಲ್ಲ. ಹತ್ತು ಹದಿನೈದು ವರ್ಷ ಗುಡಿಸಿ, ಮೆಟ್ಟಿಲು ಹತ್ತಲಾಗದೆ ಏದುಸಿರು ಬಂದಾಗ ಅವರನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ? ಸೂಕ್ಷ್ಮ ದೇಹದವರು ಅಂತಲಾ? ಸಿಗ್ನಲ್ಲಿನಲ್ಲಿ ಎಂಟು ಗಂಟೆ ನಿಲ್ಲುವ ಪೊಲೀಸ್ ಪೇದೆ, ಬಸ್ ಸ್ಟಾಪಿನಲ್ಲಿ ಹೂವು ಕಟ್ಟುವವಳು, ನೆಬ್ಯುಲೈಸರ್ ಹಾಕಿಕೊಂಡು ಪರೀಕ್ಷೆಗೆ ಓದುವ ಮಗು, ಇವರೆಲ್ಲ ಸೂಕ್ಷ್ಮ. ಎ.ಸಿ. ಕಾರಿನ ಗಾಜು ಏರಿಸಿಕೊಂಡು ಹೋಗಿ ಎ.ಸಿ. ರೂಮಿನಲ್ಲಿ ಕೂತು ‘ತೃಪ್ತಿಕರ’ ಅಂತ ಸಹಿ ಹಾಕುವವರು ಗಟ್ಟಿಮುಟ್ಟು. ನಗಿಸೋಣ ಅಂತಲೇ ಬರೆಯಲು ಕೂತೆ. ಇಲ್ಲಿ ನಗು ಬರುತ್ತಿಲ್ಲ, ಕ್ಷಮಿಸಿ.

ರಾಯರ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಮಗ ಅವರಿಗೊಂದು ಏರ್ ಪ್ಯೂರಿಫೈಯರ್ ಕಳಿಸಿದ್ದಾನೆ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಅದೂ ಅಮೆರಿಕದ ಲೆಕ್ಕದ್ದು, ನಮ್ಮ 40 ಅದಕ್ಕೆ ಅರ್ಥವಾಗುವುದಿಲ್ಲ. ತಂದ ದಿನದಿಂದ ಕೆಂಪಗೆ ಉರಿಯುತ್ತಿತ್ತು. ರಾಯರಿಗೆ ನಿದ್ದೆ ಹೋಯಿತು, ಬಿ.ಪಿ. ಏರಿತು. ಮೊನ್ನೆ ಕಾಫಿಗೆ ಕರೆದಾಗ ನೋಡಿದೆ, ಕೆಂಪು ಕಾಣುತ್ತಿಲ್ಲ.

‘ಸರಿಹೋಯ್ತಾ ಸಾರ್?’ ಅಂದೆ.

‘ಹೋಗದೇ ಏನು’ ಅಂತ ರಾಯರು ಹಾಲ್‌ಗೆ ಕರೆದುಕೊಂಡು ಹೋಗಿ ತೋರಿಸಿದರು. ದೀಪದ ಮೇಲೆ ಅವರ ಮನೆಯವರ ಸ್ಟಿಕರ್ ಬಿಂದಿ. ತಿಳಿಹಸಿರು.