ಒಂದು ಮೊಳದ ತಕರಾರು

ಕಳೆದ ಶುಕ್ರವಾರ ಸಂಜೆ ನಮ್ಮ ಬಡಾವಣೆಯ ದೇವಸ್ಥಾನದ ಮುಂದೆ ಎರಡು ಮೊಳ ಮಲ್ಲಿಗೆ ಕೊಂಡು ಮನೆಗೆ ತಂದಾಗ, ನನ್ನ ಹೆಂಡತಿ ಆ ಸರವನ್ನು ಎತ್ತಿ ಹಿಡಿದು ನೋಡಿ, "ಒಂದೂವರೆ ಮೊಳ ತಂದಿದ್ದೀರಲ್ಲ, ಉಳಿದರ್ಧ ದಾರಿಯಲ್ಲಿ ಯಾರಿಗೆ ಕೊಟ್ಟಿರಿ?" ಎಂದು ಕೇಳಿದಳು. ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಇಂಥ ಅನುಮಾನಕ್ಕೆ ಆಸ್ಪದವಾಗುವಷ್ಟು ಸಾಹಸವನ್ನು ನಾನು ಎಂದೂ ಮಾಡಿದವನಲ್ಲ. ಆದ್ದರಿಂದ ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಸರವನ್ನು ಸಾಕ್ಷಿಯಾಗಿ ಹಿಡಿದು, ಹೂವಿನವಳ ಬಳಿಗೇ ಹೋದೆ. ಆಕೆ ಕಿಂಚಿತ್ತೂ ವಿಚಲಿತಳಾಗದೆ ತನ್ನ ಬಲಗೈಯನ್ನು ನನ್ನ ಮುಖದ ಮುಂದೆ ಚಾಚಿ, "ನನ್ನ ಕೈ ಇರೋದೇ ಇಷ್ಟು ಸ್ವಾಮಿ, ದೇವ್ರು ಕೊಟ್ಟಿದ್ದು" ಎಂದಳು. ಗರ್ಭಗುಡಿಯ ದೀಪ ಕಾಣುವ ಜಾಗದಲ್ಲಿ ನಿಂತು ಇಂಥ ಮಾತಿಗೆ ಎದುರಾಡುವುದು ಕಷ್ಟ. ಆದರೆ ದೇವರು ಕೊಟ್ಟಷ್ಟೂ ಉದ್ದಕ್ಕೆ ಸರ ಹೋಗುತ್ತಿರಲಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಅಳೆಯುವ ಹೊತ್ತಿಗೆ ಸರಿಯಾಗಿ ಆಕೆಯ ಬೆರಳುಗಳು ಮಡಚಿಕೊಳ್ಳುತ್ತಿದ್ದವು.

ಹಾಗೆ ನೋಡಿದರೆ ಆ ಮೊಳಕ್ಕೆ ಈ ದೇಶದಲ್ಲಿ ಅಸ್ತಿತ್ವವೇ ಇಲ್ಲ. ತೂಕ ಮತ್ತು ಅಳತೆಗಳ ಕಾಯಿದೆ 1956ರ ಕೊನೆಯಲ್ಲಿ ಬಂದು, 1958ರ ಅಕ್ಟೋಬರ್ 1ರಿಂದ ಕಿಲೋಗ್ರಾಂ ಅಂಗಡಿಗಳಿಗೆ ಕಾಲಿಡಲಾರಂಭಿಸಿ, 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಮೆಟ್ರಿಕ್ ಅಳತೆಯೊಂದೇ ಸಿಂಧು ಎಂದಾಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ 57ನೆಯ ಸಂಖ್ಯೆಯ ಪ್ಲಾಟಿನಂ-ಇರಿಡಿಯಂ ಕಿಲೋಗ್ರಾಂ ಬಟ್ಟೊಂದನ್ನು ಗಾಳಿ ಧೂಳು ಸೋಕದಂತೆ ಕಾಪಾಡಿಕೊಂಡು ಬಂದಿದ್ದಾರೆ. ಪ್ಯಾರಿಸ್ಸಿನ ಬಳಿಯ ಮೂಲ ಬಟ್ಟು ಮತ್ತು ಅದರ ಪ್ರತಿಗಳ ನಡುವೆ ನೂರು ವರ್ಷಗಳಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತೆಂದು ವಿಜ್ಞಾನಿಗಳು ನಿದ್ದೆಗೆಟ್ಟು, 2019ರಲ್ಲಿ ಲೋಹದ ಸಹವಾಸವೇ ಬೇಡವೆಂದು ಎಂದೂ ಬದಲಾಗದ ಭೌತಶಾಸ್ತ್ರದ ಸಂಖ್ಯೆಯಾದ ಪ್ಲಾಂಕನ ಸ್ಥಿರಾಂಕವನ್ನು ಆಶ್ರಯಿಸಿದರು. ನಮ್ಮ ಹೂವಿನವಳ ಮೊಣಕೈ ಈ ಯಾವುದಕ್ಕೂ ಸೊಪ್ಪು ಹಾಕಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಮೆಟ್ರಿಕ್ ಪಕ್ಷದವನೆಂದು ಯಾರೂ ತಿಳಿಯಬೇಕಾಗಿಲ್ಲ. ಹಳೆಯ ಅಳತೆಗಳನ್ನು ನೆನೆದು ನಿಟ್ಟುಸಿರು ಬಿಡುವವರ ಸಾಲಿನಲ್ಲಿಯೂ ನಾನಿಲ್ಲ. ಅದಕ್ಕೆ ಕಾರಣ ನಮ್ಮ ಅಜ್ಜಿಯ ಹಿತ್ತಾಳೆಯ ಪಾವು. ಅದರ ವಿಷಯ ಹೇಳಿಬಿಟ್ಟರೆ ಈ ಪ್ರಬಂಧದ ತಾತ್ಪರ್ಯ ತಾನಾಗಿಯೇ ಹೊರಡುತ್ತದೆ.

ಪಾವೆಂದರೆ ಸೇರಿನ ಕಾಲುಭಾಗವೆಂಬುದು ಲೋಕದ ಲೆಕ್ಕ. ಅಜ್ಜಿ ತವರಿನಿಂದ ತಂದಿದ್ದ ಆ ಪಾವು ಮಾತ್ರ ಒಮ್ಮೆ ಅಟ್ಟದಿಂದ ಜಾರಿ ಒರಳುಕಲ್ಲಿನ ಮೇಲೆ ಬಿದ್ದು, ಅದರ ತಳ ಒಳಮುಖವಾಗಿ ಸಣ್ಣ ಗುಡ್ಡದಂತೆ ಎದ್ದು ನಿಂತಿತ್ತು. ಅದನ್ನು ತಟ್ಟಿ ಸರಿಪಡಿಸಿಕೊಡುವವರು ಊರಿಗೆ ವರ್ಷಕ್ಕೆರಡು ಸಲ ಬರುತ್ತಿದ್ದರೂ ಅಜ್ಜಿ ಆ ದಿನಗಳಲ್ಲಿ ಪಾವನ್ನು ಅಕ್ಕಿಯ ಪೀಪಾಯಿಯಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಮನೆಯ ಅಡುಗೆಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಎಷ್ಟು ಎಲೆಗೆ ಎಷ್ಟು ಪಾವು ಎಂಬುದು ಆಕೆಯ ಕೈಗೆ ಗೊತ್ತಿತ್ತು. ತೊಂದರೆ ಇದ್ದದ್ದು ಕಡ ಕೊಡುವಾಗ. ಎದುರುಮನೆಯಾಕೆ ತಿಂಗಳ ಕೊನೆಯಲ್ಲಿ ಬಂದು ಐದು ಪಾವು ಅಕ್ಕಿ ಕೇಳಿದರೆ, ಅಜ್ಜಿ ಆ ಗುಡ್ಡದ ಪಾವಿನಲ್ಲಿ "ಲಾಭ" ಎಂದು ಶುರುಮಾಡಿ (ಅಳೆಯುವಾಗ 'ಒಂದು' ಎಂದು ಒಂಟಿಯಾಗಿ ಎಣಿಸಬಾರದಷ್ಟೆ) ಎರಡು, ಮೂರು ಎಂದು ಐದರವರೆಗೆ, ಪ್ರತಿಸಲವೂ ಅಂಗೈಯಿಂದ ಅಂಚಿಗೆ ಸಮನಾಗಿ ಸವರಿ ಅಳೆದು ಕೊಡುತ್ತಿದ್ದಳು. ಮುಂದಿನ ತಿಂಗಳು ಆಕೆ ಹಿಂದಿರುಗಿಸಲು ಬಂದಾಗ ಅದೇ ಪಾವೇ ಆದರೂ ಅಂಗೈ ಕೆಲಸ ಮಾಡುತ್ತಿರಲಿಲ್ಲ. ಅಕ್ಕಿ ಗೋಪುರವಾಗಿ ನಿಂತು ಸುತ್ತಲೂ ಜಾರುವವರೆಗೆ ತುಂಬಿಸಿಕೊಳ್ಳುತ್ತಿದ್ದಳು. ಇದೇನು ಹೀಗೆ ಎಂದು ನಾನು ಕೇಳಿದ್ದಕ್ಕೆ, "ಲಕ್ಷ್ಮಿ ಮನೆಗೆ ಬರುವಾಗ ತಲೆ ಸವರಬಾರದು ಮಗು" ಎಂದು ಉತ್ತರ ಬಂತು. ಹೋಗುವಾಗ ಸವರಬಹುದೇ ಎಂದು ಕೇಳುವ ಧೈರ್ಯ ನನಗೆ ಆಗ ಇರಲಿಲ್ಲ.

ಎದುರುಮನೆಯಾಕೆಯೂ ಸೇರಿಗೆ ಸವ್ವಾಸೇರೇ. ಒಂದು ಸಲ ಕಡ ಕೇಳಲು ಬರುವಾಗ ತನ್ನದೇ ಪಾವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಅದರ ತಳ ಹೊರಮುಖವಾಗಿ ಉಬ್ಬಿ, ನೆಲದ ಮೇಲೆ ಇಟ್ಟರೆ ಬುಗುರಿಯಂತೆ ವಾಲಾಡುತ್ತಿತ್ತು. ಅಂದು ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಆ ಪಾವಿನಿಂದ ಈ ಪಾವಿಗೆ, ಈ ಪಾವಿನಿಂದ ಮೊರಕ್ಕೆ, ಮೊರದಿಂದ ಮತ್ತೆ ಆ ಪಾವಿಗೆ ಅಕ್ಕಿ ಸುರಿಯುವ ಸದ್ದು ಮೂರು ಗಂಟೆಗಳ ಕಾಲ ಕೇಳಿಸಿತು. 'ಅಳೆದೂ ಸುರಿದೂ' ಎಂಬ ಮಾತಿನ ಪೂರ್ಣಾರ್ಥ ನನಗೆ ತಿಳಿದದ್ದು ಆಗಲೇ. ಎರಡು ಮನೆಗಳ ನಡುವೆ ಮಾತು ನಿಂತಿತು. ಮೊಸರಿಗೆ ಹೆಪ್ಪು ಕೂಡ ಮೂರನೆಯ ಮನೆಯಿಂದ ಬರತೊಡಗಿತು. ಶ್ರಾವಣದ ಹಬ್ಬಗಳು ಹತ್ತಿರವಾದಾಗ ತಾತ ಈ ಬಿಕ್ಕಟ್ಟನ್ನು ಬಗೆಹರಿಸಲೇಬೇಕೆಂದು ಪೇಟೆಗೆ ಹೋಗಿ, ಸರ್ಕಾರದ ಮುದ್ರೆ ಒತ್ತಿದ್ದ ಒಂದು ಲೀಟರಿನ ಹೊಚ್ಚಹೊಸ ಅಳತೆಯನ್ನು ಕೊಂಡು ತಂದು, ಇಬ್ಬರನ್ನೂ ಕರೆಸಿ, ಇನ್ನು ಮುಂದೆ ಕೊಡುವುದೂ ಕೊಳ್ಳುವುದೂ ಇದರಲ್ಲೇ ಆಗಬೇಕೆಂದು ತೀರ್ಪು ಕೊಟ್ಟರು. ಇಬ್ಬರೂ ಆ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅಜ್ಜಿ ಎದುರುಮನೆಯಾಕೆಯನ್ನು ಉದ್ದೇಶಿಸಿ, "ಇದರಲ್ಲಿ ಅಳೆದರೆ ಅನ್ನ ಒದಗುತ್ತದೆಯೇನೇ?" ಎಂದು ಕೇಳಿದಳು. "ಎಲ್ಲಿ ಒದಗುತ್ತದೆ ಅಕ್ಕಾ" ಎಂದು ಆಕೆ ತಲೆಯಾಡಿಸಿದಳು. ಅಂದಿನಿಂದ ಹೆಪ್ಪು ಮತ್ತೆ ಎದುರುಮನೆಯಿಂದಲೇ ಬರತೊಡಗಿತು. ಆ ಲೀಟರು ಬಹಳ ಕಾಲ ನಮ್ಮ ಹಿತ್ತಿಲಿನಲ್ಲಿ ತುಳಸಿಗೆ ನೀರು ಹಾಕುವ ಪಾತ್ರೆಯಾಗಿ ಬಾಳಿತು.

ಒಂದೇ ಬೀದಿಯ ಎರಡು ಪಾವುಗಳ ಕಥೆ ಇದಾದರೆ, ಸೀಮೆ ಸೀಮೆಗಳ ಸೇರುಗಳ ಕಥೆಯನ್ನು ಊಹಿಸಬಹುದು. ಬ್ರಿಟಿಷರು ಗೊತ್ತುಮಾಡಿದ ಸೇರಿಗೆ 80 ತೊಲ. ಹಳೆಯ ಮೈಸೂರಿನ ಕಚ್ಚಾ ಸೇರಿಗೆ 24 ತೊಲ. ಒಂದು 933 ಗ್ರಾಂ ತೂಗಿದರೆ ಇನ್ನೊಂದು 280 ಗ್ರಾಂ ಮುಟ್ಟುವುದೇ ಕಷ್ಟ, ಹೆಸರು ಮಾತ್ರ ಎರಡಕ್ಕೂ ಸೇರೇ. 1956ರ ನವೆಂಬರಿನಲ್ಲಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದಾಗ ಅವರೊಡನೆ ಇಷ್ಟೊಂದು ಬಗೆಯ ಸೇರು, ಬಳ್ಳ, ಕೊಳಗಗಳೂ ಒಂದೇ ರಾಜ್ಯದೊಳಗೆ ಬಂದು ಬಿದ್ದವು. ಮೆಟ್ರಿಕ್ ಬಾರದೆ ಗತಿಯಿರಲಿಲ್ಲವೆಂದು ನಾನೂ ಒಪ್ಪುತ್ತೇನೆ.

ಆದರೂ ಹತ್ತರ ಲೆಕ್ಕದ ಬಗ್ಗೆ ನನಗೊಂದು ಹಳೆಯ ಅಸಮಾಧಾನವಿದೆ. ತಕ್ಕಡಿಯೊಂದಿದ್ದರೆ ಸಾಕು, ಬಟ್ಟೇ ಇಲ್ಲದೆ ಒಂದು ರಾಶಿಯನ್ನು ಎರಡು ಸಮಪಾಲು ಮಾಡಬಹುದು, ಮತ್ತೆ ಎರಡು, ಮತ್ತೆ ಎರಡು. ಹದಿನಾರು ಹೀಗೆ ಅರ್ಧವಾಗುತ್ತ ಸಲೀಸಾಗಿ ಒಂದಕ್ಕೆ ಇಳಿಯುತ್ತದೆ. ಹತ್ತು ಐದಕ್ಕೆ ಬಂದು ಮೊಂಡು ಹಿಡಿದು ಕೂರುತ್ತದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆಯಿದ್ದದ್ದು ನೂರು ನಯಾ ಪೈಸೆಯಾದಾಗ ಒಂದು ಆಣೆಗೆ ಆರೂಕಾಲು ಪೈಸೆ ಬಂತು. ಕಾಲು ಪೈಸೆಯ ನಾಣ್ಯವಿಲ್ಲವಾಗಿ ಆಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಕೋಷ್ಟಕ ಹಾಕಿದರು. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನಮ್ಮ ತಂದೆ, ಹದಿನಾರು ಸಲ ಆಣೆ ಆಣೆಯಾಗಿ ಚಿಲ್ಲರೆ ಪಡೆದವನಿಗೆ ಸಿಗುವುದು 96 ಪೈಸೆ, ಉಳಿದ 4 ಪೈಸೆ ಯಾರ ಜೇಬಿಗೆ ಹೋಯಿತೆಂದು ಸಾಯುವವರೆಗೂ ಕೇಳುತ್ತಿದ್ದರು. ಮಕ್ಕಳಿಗೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿಸಿದ ಮನುಷ್ಯ. ಒಂದು ದಶಮಾಂಶ ಬಿಂದು ಬಂದು ತಮ್ಮ ಅರ್ಧ ವಿದ್ಯೆಯನ್ನು ಒರಸಿಹಾಕಿತೆಂಬ ಸಿಟ್ಟು ಅವರಲ್ಲಿ ಇಂಗಲೇ ಇಲ್ಲ. ಆ ಸಿಟ್ಟೇ ನನಗೆ ಬಂದ ಪಿತ್ರಾರ್ಜಿತ.

ಇನ್ನುಳಿದದ್ದನ್ನು ದಿನವೂ ನೋಡುತ್ತಿದ್ದೇವೆ. ಬಟ್ಟೆಯಂಗಡಿಯವನು ಮೀಟರಿನಲ್ಲಿ ಹರಿದು ಕೊಟ್ಟದ್ದನ್ನು ದರ್ಜಿ ಇಂಚಿನಲ್ಲಿ ಹೊಲಿಯುತ್ತಾನೆ. ಪಹಣಿ ಇಂದಿಗೂ ಎಕರೆ-ಗುಂಟೆಯಲ್ಲೇ ಮಾತಾಡುತ್ತದೆ, ಕಾಫಿ ತೋಟದವರ ಮಳೆ ಇಂಚಿನಲ್ಲೇ ಸುರಿಯುತ್ತದೆ. ನಾಲ್ಕಾಣೆ 2011ರ ಜೂನ್ 30ರಂದು ಚಲಾವಣೆಯಿಂದಲೇ ಹೋದರೂ ಬೈಗುಳದಲ್ಲಿ ಅದರ ಬೆಲೆ ಇಳಿದಿಲ್ಲ. ನಾನು ನಿವೃತ್ತಿಯ ಹಣದಲ್ಲಿ ಕೊಂಡದ್ದು ಎಲ್ಲರ ಬಾಯಲ್ಲೂ 'ಮೂವತ್ತು-ನಲವತ್ತರ' ಸೈಟು. ಕಾಗದಪತ್ರದಲ್ಲಿ 9 ಮೀಟರ್ ಅಗಲ, 12 ಮೀಟರ್ ಉದ್ದ. ಗುಣಿಸಿ ನೋಡಿದರೆ 1200 ಚದರ ಅಡಿಯ ಬದಲು 1162. ಒಂದು ಬಚ್ಚಲುಮನೆಯಷ್ಟು ಜಾಗ ಮಾತಿಗೂ ಕಾಗದಕ್ಕೂ ನಡುವೆ ಕರಗಿಹೋಗಿತ್ತು. ಬೆರಳು ಮಡಚುವುದು ಮೀಟರಿಗೂ ಬರುತ್ತದೆ. ಆದರೆ ಕೈ ಚಾಚಿ ತೋರಿಸಲು ಅಲ್ಲಿ ಯಾರೂ ಇರುವುದಿಲ್ಲ.

ಈ ಶುಕ್ರವಾರ ಮೊಮ್ಮಗಳ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು ತೆಗೆದು ಮೊದಲು ನನ್ನ ಕೈಯನ್ನೇ ಅಳೆದುಕೊಂಡೆ: ಮೊಣಕೈಯಿಂದ ನಡುಬೆರಳ ತುದಿಗೆ 45 ಸೆಂಟಿಮೀಟರ್. ಆ ಬಲದ ಮೇಲೆ ಹೂವಿನವಳ ಮುಂದೆ ನಿಂತು, "90 ಸೆಂಟಿಮೀಟರ್ ಮಲ್ಲಿಗೆ ಕೊಡಮ್ಮ" ಎಂದೆ. ಆಕೆ ನನ್ನನ್ನೂ ಸ್ಕೇಲನ್ನೂ ಕರುಣೆಯಿಂದ ನೋಡಿ, "ಅಂದ್ರೆ ಎಷ್ಟು ಮೊಳ ಸ್ವಾಮಿ?" ಎಂದಳು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಎರಡು ಎಂದೆ. ಆಕೆ ಬೆರಳು ಮಡಚಿ ಎರಡು ಸಲ ಅಳೆದು ಕತ್ತರಿಸಿ, ನಾನು ದುಡ್ಡು ಕೊಟ್ಟ ಮೇಲೆ ಮನಸ್ಸು ಕರಗಿದವಳಂತೆ ಇನ್ನೊಂದು ಗೇಣು ಸರವನ್ನು ಕೊಸರೆಂದು ಮೇಲೆ ಹಾಕಿ, "ಅಮ್ಮಾವ್ರಿಗೆ ಕೊಡಿ" ಎಂದಳು. ಮನೆಗೆ ಬಂದು ಕೊಸರನ್ನೂ ಸೇರಿಸಿ ಅಳೆದೆ. 86 ಸೆಂಟಿಮೀಟರ್ ಇತ್ತು. ಇನ್ನೊಮ್ಮೆ ಅಳೆಯೋಣವೆಂದುಕೊಳ್ಳುವಷ್ಟರಲ್ಲಿ ಹೆಂಡತಿ ಅದನ್ನು ಎತ್ತಿಕೊಂಡು, "ಈ ಸಲ ಪರವಾಗಿಲ್ಲ, ಎರಡು ಮೊಳಕ್ಕೆ ಜಾಸ್ತಿಯೇ ಹಾಕಿದ್ದಾಳೆ" ಎಂದು ಮುಡಿದುಕೊಂಡುಬಿಟ್ಟಳು.